ಆಯಿಲ್ ಫಿಲ್ಟರ್ ಯಾವುದು ತರಲಿ? ಮನೆ ಮುಂದೆ ಗಲೀಜಾಗದಂತೆ ಹೇಗೆ ಬದಲಿಸಲಿ?

ಪ್ರಶ್ನೆ: ಸರ್, ನಮ್ಮದು ಹಳೆಯ ಪೆಟ್ರೋಲ್ ಕಾರು. ಆಯಿಲ್ ಚೇಂಜ್ ಮನೆಯಲ್ಲಿ ನಾನೇ ಮಾಡಿಕೊಳ್ಳುತ್ತೇನೆ. ಸ್ಪೇರ್ಸ್ ಅಂಗಡಿಯಲ್ಲಿ ಕಂಪನಿ ಫಿಲ್ಟರ್ ಒಂದು, ಬೇರೆ ಬ್ರಾಂಡಿನದ್ದು ಒಂದು, ಅರ್ಧ ಬೆಲೆಯದ್ದು ಇನ್ನೊಂದು ತೋರಿಸುತ್ತಾರೆ. ಮೂರೂ ನೋಡಲು ಒಂದೇ ಥರ. ಯಾವುದು ತಗೊಳ್ಳಲಿ? ಇನ್ನೊಂದು ತೊಂದರೆ. ಫಿಲ್ಟರ್ ಅಡ್ಡವಾಗಿ ಕೂತಿದೆ. ಬಿಚ್ಚಿದ ಕೂಡಲೇ ಎಣ್ಣೆ ಎಂಜಿನ್ ಮೇಲೆ, ಕೈ ಮೇಲೆ, ಟೈಲ್ಸ್ ಮೇಲೆಲ್ಲ ಹರಿಯುತ್ತದೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಹೊರಗಿನ ಡಬ್ಬ ನೋಡಿ ಫಿಲ್ಟರ್ ಆರಿಸಬೇಡಿ. ಕಾರಿನ ಮಾಡೆಲ್, ವರ್ಷ, ಎಂಜಿನ್ ಹೇಳಿ ಪಾರ್ಟ್ ನಂಬರ್ ತಿಳಿದುಕೊಳ್ಳಿ. ಆ ನಂಬರಿನ ಕಂಪನಿ ಫಿಲ್ಟರ್ ಆಗಬಹುದು. ಬಾಷ್, ಪ್ಯುರೋಲೇಟರ್‌ನಂಥವರ ಕ್ಯಾಟಲಾಗಿನಲ್ಲಿ ನಿಮ್ಮ ಎಂಜಿನ್‌ಗೆಂದೇ ಕೊಟ್ಟಿರುವ ಫಿಲ್ಟರ್ ಕೂಡ ಆಗಬಹುದು. ಅರ್ಧ ಬೆಲೆಯದ್ದು ಬೇಡ.

ಯಾಕೆಂದರೆ ಆ ತಗಡಿನ ಡಬ್ಬದಲ್ಲಿ ಇರುವುದು ಸುಮ್ನೆ ಮಡಿಚಿಟ್ಟ ಕಾಗದ ಅಲ್ಲ. ಎಂಜಿನ್ ನಿಂತಾಗ ಎಣ್ಣೆ ವಾಪಸ್ ಇಳಿದುಹೋಗದಂತೆ ತಡೆಯಲು ಒಳಗೊಂದು ರಬ್ಬರ್ ವಾಲ್ವ್ ಇರುತ್ತದೆ. ನಿಮ್ಮದರಂತೆ ಅಡ್ಡ ಕೂತ ಫಿಲ್ಟರಿಗೆ ಇದು ಬಹಳ ಮುಖ್ಯ. ಕಳಪೆ ರಬ್ಬರ್ ಬಿಸಿಗೆ ಗಟ್ಟಿಯಾಗಿಬಿಡುತ್ತದೆ. ಆಮೇಲೆ ರಾತ್ರಿಯಿಡೀ ಫಿಲ್ಟರ್ ಖಾಲಿಯಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಕಟಕಟ ಅನ್ನುತ್ತದೆ, ಆಯಿಲ್ ಲೈಟ್ ತಡವಾಗಿ ಆರುತ್ತದೆ. ಎಂಜಿನ್ ಹೆಚ್ಚು ಸವೆಯುವುದು ಇಂಥ ಹೊತ್ತಿನಲ್ಲೇ. ಜೊತೆಗೆ ಬೈಪಾಸ್ ವಾಲ್ವ್ ಅಂತ ಇನ್ನೊಂದಿದೆ. ಕೆಲವು ಕಾರುಗಳಲ್ಲಿ ಇದು ಫಿಲ್ಟರಿನಲ್ಲಿರದೆ ಎಂಜಿನ್ನಿನಲ್ಲೇ ಇರುತ್ತದೆ. ಕಾಗದ ಕಟ್ಟಿಕೊಂಡರೆ ಇದು ತೆರೆದು, ಎಣ್ಣೆಯನ್ನು ಸೋಸದೇ ಎಂಜಿನ್‌ಗೆ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆ ಎಣ್ಣೆ ವಾಸಿ ಅಲ್ವಾ? ಆದರೆ ಕಾಗದ ಅಷ್ಟು ಕಟ್ಟಿಕೊಳ್ಳಲು ಬಿಡಬಾರದು, ಅದಕ್ಕೇ ಎಣ್ಣೆ ಬದಲಿಸಿದಾಗಲೆಲ್ಲ ಫಿಲ್ಟರನ್ನೂ ಬದಲಿಸಿ ಅನ್ನುವುದು.

ಥ್ರೆಡ್ ವಿಷಯದಲ್ಲಂತೂ ಅಂದಾಜು ಬೇಡವೇ ಬೇಡ. ಕೆಲವು ಫಿಲ್ಟರುಗಳ ಥ್ರೆಡ್ 20 ಮಿ.ಮೀ., ಕೆಲವುದರದ್ದು ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ಎಂಜಿನ್ನಿನಲ್ಲಿ ಫಿಲ್ಟರ್ ಕೂರುವ ಮುಕ್ಕಾಲು ಇಂಚಿನ ಥ್ರೆಡ್‌ಗೆ 20ರ ಫಿಲ್ಟರ್ ತಿರುಗಿಸಿದರೆ ಕೂತಂತೆ ಅನ್ನಿಸುತ್ತದೆ. ಓಡುವಾಗ ಆಯಿಲ್ ಪ್ರೆಷರ್‌ಗೆ ಕಿತ್ತು ಬಂದರೆ ನಿಮಿಷದಲ್ಲಿ ಎಣ್ಣೆ ಖಾಲಿ, ಎಂಜಿನ್ ಸೀಜ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ನಿಮ್ಮೂರಲ್ಲಿ ಕೊಂಡರೂ, ‘ಇದೇ ಆಗುತ್ತೆ ತಗೊಳ್ಳಿ’ ಎಂಬ ಮಾತಿಗೆ ಒಪ್ಪಬೇಡಿ. ನಂಬರ್ ನೋಡಿ, ಬಿಲ್ ಕೇಳಿ.

ಇನ್ನು ಗಲೀಜಿನ ವಿಷಯ. ಎಂಜಿನ್ ಐದು ನಿಮಿಷ ಓಡಿಸಿ ನಿಲ್ಲಿಸಿ. ಎಣ್ಣೆ ತೆಳ್ಳಗಾಗಬೇಕು, ಕೈ ಸುಡಬಾರದು. ಕಾರು ಎತ್ತಿದ್ದರೆ ಜಾಕ್ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿಯೋ ಇಟ್ಟಿಗೆ ಇಟ್ಟೋ ಕೆಳಗೆ ಹೋಗಲೇಬೇಡಿ. ನೆಲಕ್ಕೆ ಹಳೆಯ ಫ್ಲೆಕ್ಸ್ ಬ್ಯಾನರ್ ಹಾಸಿ, ಮೇಲೆ ರಟ್ಟು ಹರಡಿ. ಪೇಪರ್ ಬೇಗ ನೆನೆದು ಹರಿದುಹೋಗುತ್ತದೆ. ಸಣ್ಣ ಕಾರಿನಿಂದ ಮೂರು–ನಾಲ್ಕು ಲೀಟರ್ ಎಣ್ಣೆ ಬರುತ್ತದೆ. ಅದರ ಎರಡು ಪಟ್ಟು ಹಿಡಿಯುವ ಅಗಲ ಬೇಸಿನ್ ಇಡಿ. ಎಣ್ಣೆ ಮೊದಲು ದೂರಕ್ಕೆ ಚಿಮ್ಮುತ್ತದೆ, ಆಮೇಲೆ ಹತ್ತಿರ ಬೀಳುತ್ತದೆ. ಬೇಸಿನ್ ಸರಿಸಲು ಸಿದ್ಧವಿರಿ. ಎಣ್ಣೆ ಇಳಿಸುವ ಡ್ರೈನ್ ಬೋಲ್ಟ್ ಸಡಿಲವಾದ ಮೇಲೆ ಒಳಕ್ಕೆ ಒತ್ತಿಕೊಂಡೇ ಬೆರಳಲ್ಲಿ ತಿರುಗಿಸಿ, ಕೊನೆಯ ಸುತ್ತು ಮುಗಿದಾಗ ಥಟ್ಟನೆ ಪಕ್ಕಕ್ಕೆಳೆಯಿರಿ.

ಹತ್ತು–ಹದಿನೈದು ನಿಮಿಷ ಇಳಿಯಲು ಬಿಡಿ. ಬೋಲ್ಟ್‌ಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ಆಮೇಲೆ ಫಿಲ್ಟರಿಗೆ ಬನ್ನಿ. ಹಳೆಯ ಆಯಿಲ್ ಕ್ಯಾನಿನ ಪಕ್ಕ ಕತ್ತರಿಸಿ ದೋಣಿ ಥರ ಮಾಡಿ, ಫಿಲ್ಟರ್ ಕೂರುವ ಜಾಗದ ಕೆಳಗೆ ಒರಗಿಸಿ, ಬಾಯಿ ಬೇಸಿನ್ ಕಡೆಗಿರಲಿ. ರೆಂಚಿನಿಂದ ಫಿಲ್ಟರ್ ಸ್ವಲ್ಪ ಅಲ್ಲಾಡಿದರೆ ಸಾಕು, ರೆಂಚ್ ತೆಗೆಯಿರಿ. ದಪ್ಪ ಪ್ಲಾಸ್ಟಿಕ್ ಚೀಲವನ್ನು ಫಿಲ್ಟರಿಗೆ ತೊಡಿಸಿ, ಚೀಲದ ಮೇಲಿಂದಲೇ ಕೈಯಲ್ಲಿ ತಿರುಗಿಸಿ. ಎಣ್ಣೆ ಜಿನುಗಲು ಶುರುವಾದರೆ ನಿಲ್ಲಿಸಿ ಕಾಯಿರಿ. ಇಲ್ಲಿ ಅವಸರ ಮಾಡಿದ್ದಕ್ಕೇ ನಿಮ್ಮ ಟೈಲ್ಸ್ ಕಪ್ಪಾಗಿದ್ದು. ಎಕ್ಸಾಸ್ಟ್ ಪೈಪಿನ ಮೇಲೆ ಬಿದ್ದದ್ದನ್ನು ಪೂರ್ತಿ ಒರೆಸಿ, ಇಲ್ಲದಿದ್ದರೆ ಬಿಸಿಯಾದಾಗ ಹೊಗೆ ಬರುತ್ತದೆ.

ಹಳೆಯ ರಬ್ಬರ್ ರಿಂಗ್ ಎಂಜಿನ್‌ಗೆ ಅಂಟಿಕೊಂಡಿದೆಯಾ, ಬೆರಳಾಡಿಸಿ ನೋಡಿ. ಅದರ ಮೇಲೇ ಹೊಸದು ಕೂತರೆ ಎಣ್ಣೆ ಧಾರೆಯಾಗಿ ಸೋರುತ್ತದೆ. ಹೊಸ ರಿಂಗಿಗೆ ಹೊಸ ಎಣ್ಣೆ ಸವರಿ, ಕೈಯಲ್ಲೇ ತಿರುಗಿಸಿ. ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಡಬ್ಬದ ಮೇಲೆ ಬೇರೆ ಅಳತೆ ಬರೆದಿದ್ದರೆ ಅದರಂತೆ ಮಾಡಿ. ಎಣ್ಣೆ ತುಂಬಿ, ಒಂದು ನಿಮಿಷ ಓಡಿಸಿ, ಕೆಳಗೆ ಬಗ್ಗಿ ನೋಡಿ. ನಿಲ್ಲಿಸಿ ಸ್ವಲ್ಪ ಹೊತ್ತಿನ ಮೇಲೆ ಡಿಪ್ ಸ್ಟಿಕ್‌ನಲ್ಲಿ ಎಣ್ಣೆಯ ಮಟ್ಟ ನೋಡಿ.

ಪ್ರಶ್ನೆ: ನನ್ನ ಹಳೆಯ ಸ್ಪ್ಲೆಂಡರ್‌ಗೆ ಆಯಿಲ್ ಫಿಲ್ಟರ್ ಕೇಳಿದರೆ ‘ಅದಕ್ಕೆ ಬರಲ್ಲ’ ಅಂತಾರೆ. ಗೆಳೆಯನ ಬುಲೆಟ್‌ಗೆ ಸಿಗುತ್ತದೆ. ಯಾಕೆ?
– ಓದುಗರು, ಶಿರಸಿ

ಉತ್ತರ: ಅಂಗಡಿಯವರು ಹೇಳಿದ್ದು ನಿಜ. ನಿಮ್ಮ ಗಾಡಿಯಲ್ಲಿ ಕಾಗದದ ಫಿಲ್ಟರ್ ಇಲ್ಲ. ಒಂದು ತಂತಿ ಜಾಲರಿ ಮತ್ತು ಗಿರ್ರನೆ ತಿರುಗುತ್ತಾ ಕೊಳೆಯನ್ನು ಅಂಚಿಗೆ ಎಸೆಯುವ ಒಂದು ರೋಟರ್ ಇವೆ. ಕ್ಲಚ್ ಕವರ್ ಬಿಚ್ಚಿದಾಗ ಎರಡನ್ನೂ ತೊಳೆಸಿ. ಬುಲೆಟ್ 350ಕ್ಕೆ ಬದಲಿಸುವ ಫಿಲ್ಟರ್ ಇದೆ. ಅದನ್ನು ತೆಗೆಯುವ ಮುಂಚೆ ಯಾವ ಮುಖ ಒಳಗಿದೆ ಅಂತ ಗೆಳೆಯ ಫೋಟೋ ತೆಗೆದುಕೊಳ್ಳಲಿ. ಓ-ರಿಂಗ್ ಅನ್ನುವ ರಬ್ಬರ್ ಬಳೆ ಕೂಡ ಹೊಸದು ಹಾಕಲಿ.

ಪ್ರಶ್ನೆ: ವೇಸ್ಟ್ ಆಯಿಲನ್ನು ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಹಿಡಿಯಲ್ಲ ಅಂತಾರೆ. ಬಳಿಯಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಬೇಡ. ಮಲೆನಾಡಿನ ಮಳೆಗೆ ಅದೆಲ್ಲ ತೊಳೆದು ತೋಟಕ್ಕೆ, ಬಾವಿಗೆ ಇಳಿಯುತ್ತದೆ. ಓಡಿದ ಎಣ್ಣೆಯಲ್ಲಿ ಸವೆದ ಲೋಹದ ಪುಡಿ ಇರುತ್ತದೆ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಇರುತ್ತವೆ. 2016ರ ಕೇಂದ್ರದ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಹಳೆಯ ಕ್ಯಾನಿಗೇ ತುಂಬಿ, ಮರುಬಳಕೆಯವರಿಗೆ ಕೊಡುವ ಸರ್ವಿಸ್ ಸೆಂಟರಿಗೆ ತಲುಪಿಸಿ. ಶುದ್ಧ ಮಾಡಿ ಮತ್ತೆ ಎಣ್ಣೆ ಮಾಡುತ್ತಾರೆ. ನೀರು ಬೆರೆಸಬೇಡಿ. ಹಳೆಯ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ, ಇಳಿದ ಎಣ್ಣೆಯನ್ನೂ ಅದೇ ಕ್ಯಾನಿಗೆ ಸೇರಿಸಿ. ಗೂಟಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವ ಹಳೆಯ ಪದ್ಧತಿ ಇದೆಯಲ್ಲ, ಅದನ್ನೇ ಮಾಡಿ. ಅದು ಚರ್ಮ ಸುಡುತ್ತದೆ, ಕೈಗವಸು ಮಾತ್ರ ಮರೆಯಬೇಡಿ.