ಕೆಮ್ಮಿಗೊಂದು, ನೇಗಿಲಿಗೊಂದು

ಪ್ರಿಯ ಓದುಗರೇ,

ಆರನೇ ಕ್ಲಾಸಿನ ಮಗಳಿಗೆ ಇಂಗ್ಲಿಷ್ ಡಿಕ್ಟೇಶನ್ ಕೊಡಲು ಕೂತು ನೀವೇ ಸುಸ್ತಾದಿರಿ ಎಂದು ಬರೆದಿದ್ದೀರಿ. ಕೆಮ್ಮು 'ಕಾಫ್', ನೇಗಿಲು 'ಪ್ಲೌ', ಕಲಸಿದ ಹಿಟ್ಟು 'ಡೋ', ಸಾಕು ಅನ್ನೋದಕ್ಕೆ 'ಇನಫ್'. ಎಲ್ಲದರ ಬಾಲದಲ್ಲೂ ಅದೇ ಓ-ಯು-ಜಿ-ಎಚ್. "ಇದನ್ನು ಮಾಡಿದವರಿಗೆ ತಲೆ ನೆಟ್ಟಗಿತ್ತಾ? ಇಂಥವು ಇನ್ನೂ ಇವೆಯಾ?" ಎಂದು ಕೇಳಿದ್ದೀರಿ. ಹೈಸ್ಕೂಲಿನಲ್ಲಿ ಎದ್ದು ನಿಂತು ಜೋರಾಗಿ 'ಪ್ಲಫ್' ಎಂದು ಓದಿದವನು ನಾನು. ನಿಮ್ಮ ಸಿಟ್ಟು ಅರ್ಥವಾಗುತ್ತದೆ.

ಆದರೆ ಅವರ ತಲೆ ನೆಟ್ಟಗೇ ಇತ್ತು. ಆ ಜಿ-ಎಚ್ ಆಗ ಬಾಯಲ್ಲೂ ಇತ್ತು. ಗಂಟಲಲ್ಲಿ ಸಿಕ್ಕ ಕಫ ತೆಗೆಯುವಾಗ 'ಖ್ಹ್' ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅಂಥ ಸದ್ದು. ಜರ್ಮನಿಯಲ್ಲಿರುವ ನಮ್ಮವರ ಕಿವಿಗೆ ಅದು ಈಗಲೂ ದಿನಾ ಬೀಳುತ್ತದೆ. ಇಂಗ್ಲಿಷಿನ 'ಡಾಟರ್' ಅಲ್ಲಿ 'ಟೊಖ್ಟರ್', 'ನೈಟ್' ಅಲ್ಲಿ 'ನಾಖ್ಟ್'. ಇಂಗ್ಲೆಂಡಿನವರು ಮಾತ್ರ ಆ ಸದ್ದನ್ನು ಬಿಟ್ಟರು. ಕೆಲವು ಪದಗಳಲ್ಲಿ ಪೂರ್ತಿ ನುಂಗಿದರು, ಕೆಲವದರಲ್ಲಿ ಅದು 'ಫ್' ಆಯಿತು. ಒಂದೊಂದು ಸೀಮೆಯಲ್ಲಿ ಒಂದೊಂದು ಥರ. 'ಡೋ'ಗೆ ಉತ್ತರದ ಕಡೆ 'ಡಫ್' ಎನ್ನುತ್ತಿದ್ದರು. ಆ ಹೆಸರಿನ ಕಡುಬು ಇವತ್ತಿಗೂ ಇದೆ. ಇತ್ತ 1476ರಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ. ಮೊಳೆ ಜೋಡಿಸುವವರ ಕೈಯಲ್ಲಿ ಹಳೇ ಕಾಗುಣಿತ ಉಳಿದುಕೊಂಡಿತು, ಜನರ ಬಾಯಿ ಮುಂದೆ ಹೋಯಿತು.

ನಮ್ಮಲ್ಲೂ ಸದ್ದುಗಳು ಸತ್ತಿವೆ. ಹಳಗನ್ನಡದ 'ಕೞ್ತೆ' ಕತ್ತೆಯಾಯಿತು, 'ಏೞು' ಏಳಾಯಿತು. ಸದ್ದು ಹೋದಾಗ ನಾವು ಅಕ್ಷರವನ್ನೂ ಬಿಟ್ಟೆವು. ಇಲ್ಲದಿದ್ದರೆ ನಿಮ್ಮ ಮಗಳು ಕತ್ತೆ ಬರೆಯುವಾಗಲೂ ಒದ್ದಾಡಬೇಕಿತ್ತು, ಅಲ್ವಾ?

ಇನ್ನು ಇದೇ ಬಾಲದ ಅಪರೂಪದ ಪದಗಳು. ನನಗೆ ಜಾಸ್ತಿ ಇಷ್ಟ ಸಿ-ಎಚ್ ಮುಂದಿರುವ 'ಚಫ್'. ಕಾಗೆ ಜಾತಿಯ ಹಕ್ಕಿ. ಮೈಯೆಲ್ಲ ಕಪ್ಪು, ಕೊಕ್ಕು ಕಾಲು ಮಾತ್ರ ಕೆಂಪು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಗೆ ಅದು ಲಾಂಛನ. ಅಲ್ಲಿ 1973ರಲ್ಲಿ ಕೊನೆಯದೂ ಸತ್ತಿತ್ತು, 2001ರಲ್ಲಿ ಹಕ್ಕಿಗಳು ತಾವಾಗಿಯೇ ಮರಳಿ ಬಂದವು. ಎಸ್ ಹಾಕಿದರೆ ಮರಗಳ ನಡುವೆ ಗಾಳಿ ಸುಯ್ಯೆನ್ನುವ ಸದ್ದು. ಅದನ್ನು 'ಸೌ' ಅಂದರೂ ಸರಿ, 'ಸಫ್' ಅಂದರೂ ಸರಿ. ಎಲ್ ಹಾಕಿದರೆ ಐರ್ಲೆಂಡಿನ ಕೆರೆ, ಓದುವುದು 'ಲಾಕ್'! ಲೀಸ್ಟರ್‌ಶೈರ್‌ನ ಒಂದು ಊರಿನ ಹೆಸರಿನಲ್ಲಂತೂ ಈ ನಾಲ್ಕಕ್ಷರ ಎರಡು ಸಲ ಬರುತ್ತವೆ. ಮೊದಲನೆಯದು 'ಅಫ್', ಎರಡನೆಯದು ಬರೀ 'ಅ'. ಲಫ್‌ಬರ.

ಒಂದೆರಡು ಪದಗಳಿಗೆ ಮಾತ್ರ ನಿಮ್ಮ ಬೈಗುಳ ಸಲ್ಲುತ್ತದೆ. 'ಡಿಲೈಟ್' ಫ್ರೆಂಚಿನಿಂದ ಬಂದದ್ದು, ಅದರಲ್ಲಿ ಜಿ-ಎಚ್ ಇರಲೇ ಇಲ್ಲ. ಪಕ್ಕದ 'ಲೈಟ್' ನೋಡಿ ಸುಮ್ನೆ ಸೇರಿಸಿದರು. ಬಿಕ್ಕಳಿಕೆಯದು ಇನ್ನೂ ತಮಾಷೆ. ನಮ್ಮ 'ಬಿಕ್' ಥರವೇ ಅವರದು 'ಹಿಕ್', ಸದ್ದಿನಿಂದಲೇ ಹುಟ್ಟಿದ ಪದ. ಇದೂ ಒಂದು ಬಗೆಯ ಕೆಮ್ಮೇ ಇರಬೇಕು ಅಂದುಕೊಂಡು ಬಾಲಕ್ಕೆ 'ಕಾಫ್' ಅಂಟಿಸಿ ಬರೆಯತೊಡಗಿದರು. ಓದುವುದು ಮಾತ್ರ ಈಗಲೂ 'ಹಿಕಪ್'. ನಿಘಂಟುಗಳಲ್ಲಿ ಯು-ಪಿ ಬಾಲದ್ದೂ ಇದೆ, ಓ-ಯು-ಜಿ-ಎಚ್ ಬಾಲದ್ದೂ ಇದೆ. ಮಗಳಿಗೆ ಯು-ಪಿ ಇರುವುದನ್ನೇ ಬರೆಸಿ, ಮೇಷ್ಟ್ರು ಮಾರ್ಕ್ಸ್ ಕಡಿಯುವ ಹಾಗಿಲ್ಲ.

– ಸಂ.