ತೇಜಸ್ ಮಾಡೆಲಿಗೆ ದೊಡ್ಡ ಫ್ಯಾನ್ ತರಿಸುವ ಮೊದಲು

ಬದಿಯಡ್ಕದ ಅಣ್ಣ, ಆ 80 ಎಂಎಂ ಫ್ಯಾನಿನ ಆರ್ಡರ್ ಕ್ಯಾನ್ಸಲ್ ಆಗ್ತದಾ ನೋಡಿ ಮೊದಲು. ಮತ್ತೆ ಇದನ್ನು ಓದಿ.

ನೀವು ಬರೆದದ್ದು ಇಷ್ಟು: ಫೋಮಿನ ತೇಜಸ್, 70 ಎಂಎಂ ಇಡಿಎಫ್ (ಕೊಳವೆಯೊಳಗೆ ಕೂರುವ ಕರೆಂಟ್ ಫ್ಯಾನ್), 4ಎಸ್ ಅಂದರೆ ನಾಲ್ಕು ಸೆಲ್ಲಿನ ಬ್ಯಾಟರಿಯಲ್ಲಿ ಕೈಯಿಂದ ಎಸೆದರೆ ಸೀದಾ ಮುಳಿಹುಲ್ಲಿಗೆ ಮೂಗು ಕುಟ್ಟುತ್ತದೆ. ಅದಕ್ಕೆ 6ಎಸ್ ಮೋಟರ್ ಹಾಕಿದಿರಿ. ಬೆಂಚಿನಲ್ಲಿ 2 ಕಿಲೋ ತಳ್ಳಿತು, ವಿಮಾನದೊಳಗೆ ಕೂರಿಸಿದ ಮೇಲೆ ಪುನಃ ಅದೇ ಕತೆ, ಸಾಲದ್ದಕ್ಕೆ ಬ್ಯಾಟರಿ ಮುಟ್ಟಲಿಕ್ಕಾಗದಷ್ಟು ಬಿಸಿ. ಈಗ ಫ್ಯಾನನ್ನೇ ದೊಡ್ಡದು ಮಾಡ್ತೇನೆ ಅಂತೀರಿ. ನಾನೂ ಇದೇ ದಾರಿ ಹಿಡಿದು ಒಂದು ಇಎಸ್‌ಸಿಯನ್ನೂ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಅದರ ಜೊತೆ ಒಂದು ಏರ್‌ಫ್ರೇಮನ್ನೂ ಸುಟ್ಟವನು, ಹಾಗಾಗಿ ಮಾತು ಸ್ವಲ್ಪ ಖಾರ ಆದರೆ ಬೇಜಾರು ಮಾಡ್ಬೇಡಿ.

ನಿಮ್ಮ ಮೋಟರಿಗೆ ಎಂತದೂ ಆಗಲಿಲ್ಲ. ಗಾಳಿ ಒಳಗೆ ಹೋಗುವುದಿಲ್ಲ, ಅಷ್ಟೇ. ತೋಟದಲ್ಲಿ 3 ಎಚ್‌ಪಿ ಪಂಪು ತೆಗೆದು 5 ಎಚ್‌ಪಿ ಇಟ್ಟು, ಸಕ್ಷನ್ ಪೈಪು, ಫುಟ್‌ವಾಲ್ವ್ ಹಳೆಯದನ್ನೇ ಬಿಟ್ಟ ಹಾಗೆ ಇದು. ನೀರು ಅಷ್ಟೇ ಬರ್ತದೆ, ಬಿಲ್ಲು ಮಾತ್ರ ಜಾಸ್ತಿ.

ಮಕ್ಕಳ ಗ್ರಾಫ್ ಪೇಪರ್ ಒಂದು ತೆಗೆದುಕೊಳ್ಳಿ. ಇನ್‌ಟೇಕಿನ, ಅಂದರೆ ಗಾಳಿ ಒಳಗೆ ಹೋಗುವ ಕಿಂಡಿಯ ಬಾಯಿಗೆ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ಅಂಚು ಎಳೆಯಿರಿ, ಚೌಕ ಎಣಿಸಿ. 70 ಎಂಎಂ ಫ್ಯಾನಿನಲ್ಲಿ ನಡುವಿನ ಹಬ್ ಕಳೆದರೆ ಉಳಿಯುವ ಎಫ್‌ಎಸ್‌ಎ (ಫ್ಯಾನಿನ ಎಲೆ ತಿರುಗುವ ಜಾಗದ ವಿಸ್ತೀರ್ಣ) ಸುಮಾರು 30 ಚದರ ಸೆಂಟಿಮೀಟರ್. ಎರಡು ಬಾಯಿ ಸೇರಿ ಅಷ್ಟಾದರೂ ಬೇಕು, ಅಂದರೆ ಒಂದೊಂದು 15. ಸ್ಕೇಲಿಗೆ ಸರಿಯಾಗಿ ಕೊರೆದ ತೇಜಸ್‌ನಲ್ಲಿ ಅಷ್ಟು ಸಿಗುವುದು ಕಷ್ಟ, ನಿಮ್ಮ ಫೋಟೋದಲ್ಲಂತೂ ಎರಡೂ ಸೇರಿ 22 ದಾಟುವ ಹಾಗೆ ಕಾಣುವುದಿಲ್ಲ. 80 ಎಂಎಂ ಹಾಕಿದರೆ 40 ಬೇಕಾಗ್ತದೆ. ಎಲ್ಲಿಂದ ತರ್ತೀರಿ?

ಇನ್ನೊಂದು ಲೆಕ್ಕ. ಫ್ಯಾನ್ ಏರಿಯಾ ಅದೇ ಇಟ್ಟು ಥ್ರಸ್ಟ್ (ತಳ್ಳುವ ಬಲ) ಒಂದೂವರೆ ಪಟ್ಟು ಮಾಡಬೇಕಾದರೆ ಪವರ್ 1.8 ಪಟ್ಟು ಸುರಿಯಬೇಕು. ಎರಡು ಪಟ್ಟಿಗೆ 2.8. ಅದೂ ಎಲ್ಲ ಸರಿ ಇದ್ದರೆ. 6ಎಸ್ ಹಾಕಿದ ಕೂಡಲೇ ರಾಕೆಟ್ ಆಗ್ತದೆ ಅಂತ ಹೇಳುವವರು ವಾಟ್‌ಮೀಟರ್ ನೋಡಿಯೇ ಇಲ್ಲ.

ಕೆಳಗೆ ಕಮೆಂಟಿನಲ್ಲಿ ಒಬ್ಬರು 'ನಿಜವಾದ ತೇಜಸ್‌ನದ್ದೂ ಅದೇ ಗೋಳು, ದೊಡ್ಡ ಇಂಜಿನ್ ಹಾಕಿದ್ದರೆ ಮುಗೀತಿತ್ತು' ಅಂತ ಹಾಕಿದ್ದಾರೆ. ಸ್ವಾಮಿ, ಹಾಕುವುದು ಅಂದರೆ ಸ್ಕೂಟರಿನ ಪ್ಲಗ್ ಬದಲಿಸುವುದಲ್ಲ. ಈಗ ಹಾರುವ ತೇಜಸ್‌ನಲ್ಲಿ ಇರುವುದು ಜಿಇ ಎಫ್404, ಆಫ್ಟರ್‌ಬರ್ನರ್ (ಹಿಂದೆ ಪುನಃ ಇಂಧನ ಉರಿಸುವುದು) ಜೊತೆ ಸುಮಾರು 84 ಕಿಲೋನ್ಯೂಟನ್. ತೇಜಸ್‌ನ ಮುಂದಿನ ಮಾದರಿ ಮಾರ್ಕ್ 2ಕ್ಕೆ ಎಫ್414, 98 ಕಿಲೋನ್ಯೂಟನ್. ಎರಡು ಇಂಜಿನಿನ ಉದ್ದ, ದಪ್ಪ ಹೆಚ್ಚುಕಡಿಮೆ ಒಂದೇ. ಆದರೂ ಎಫ್414 ಸೆಕೆಂಡಿಗೆ 77 ಕಿಲೋದಷ್ಟು ಗಾಳಿ ನುಂಗುತ್ತದೆ, ಎಫ್404ಕ್ಕೆ ಅಷ್ಟು ಬೇಡ. ಅದಕ್ಕೇ ಮಾರ್ಕ್ 2ರಲ್ಲಿ ಇನ್‌ಟೇಕ್ ದೊಡ್ಡದು ಮಾಡಿದರು, ಮೈಯನ್ನೂ ಉದ್ದ ಮಾಡಿದರು. ಅಮೆರಿಕದವರು ಹಾರ್ನೆಟ್ ಯುದ್ಧವಿಮಾನದಿಂದ ಸೂಪರ್ ಹಾರ್ನೆಟ್ ಮಾಡುವಾಗಲೂ ಇದೇ ಇಂಜಿನ್ ಬದಲಾವಣೆ, ಇದೇ ಇನ್‌ಟೇಕ್ ಕೆಲಸ. ತೇಜಸ್‌ಗಾಗಿ ನಮ್ಮ ದೇಶದಲ್ಲೇ ಮಾಡಹೊರಟ ಕಾವೇರಿ ಇಂಜಿನನ್ನು ಬೈಯುವವರಿಗೂ ಒಂದು ಮಾತು: 1989ರಲ್ಲಿ ಮಂಜೂರಾಗಿ, 2008ರಲ್ಲಿ ತೇಜಸ್‌ನಿಂದ ಬೇರೆಯಾಗಿ, 2010ರಲ್ಲಿ ರಷ್ಯಾದಲ್ಲಿ ಐಎಲ್-76 ಸಾಗಣೆ ವಿಮಾನದ ರೆಕ್ಕೆಯಡಿ ಹಾರಿದ ಇಂಜಿನ್ ಅದು. ಬೇಕಿದ್ದ ಥ್ರಸ್ಟ್ ಸಿಗಲಿಲ್ಲ, ತೂಕ ಗುರಿಗಿಂತ ನೂರಕ್ಕೂ ಹೆಚ್ಚು ಕಿಲೋ ಮೀರಿತು. ಟರ್ಬೈನಿನ ಎಲೆ (ಬ್ಲೇಡ್) ಕರಗುವ ಬಿಸಿಗಿಂತ ಹೆಚ್ಚು ಬಿಸಿಯ ಗಾಳಿಯಲ್ಲಿ ಆ ಎಲೆ ತಿರುಗಬೇಕು. ಅದನ್ನು ಎರಕ ಹೊಯ್ಯುವ ವಿದ್ಯೆ ಯಾವ ದೇಶದವರೂ ಸುಲಭಕ್ಕೆ ಕೊಡುವುದಿಲ್ಲ. ನಮ್ಮ ಕೈಯಲ್ಲಿರುವುದು ಪ್ಲಾಸ್ಟಿಕ್ ಎಲೆ, ನಮಗೆ ಬರೇ ಗಾಳಿಯ ತೊಂದರೆ, ಅದನ್ನಾದರೂ ಸರಿ ಮಾಡುವ.

ಈಗ ಕೆಲಸದ ವಿಷಯ. ಬೆಂಚಿನ ಥ್ರಸ್ಟ್ ಮರೆತುಬಿಡಿ. ಫ್ಯಾನಿನ ಜೊತೆ ಬರುವ ಗುಂಡು ಲಿಪ್ (ಬಾಯಿಯ ಅಂಚು) ಹಾಕಿ ಅಳೆದ ಸಂಖ್ಯೆ ಅದು. ಪೂರ್ತಿ ವಿಮಾನವನ್ನು ಜಗಲಿಯ ನುಣುಪು ನೆಲದಲ್ಲಿ ಚಕ್ರದ ಹಲಗೆ ಮೇಲೆ ಇಡಿ, ಬಾಲಕ್ಕೆ ಹಗ್ಗ ಕಟ್ಟಿ ಲಗೇಜ್ ತೂಗುವ ಡಿಜಿಟಲ್ ಕೊಕ್ಕೆಗೆ ಸಿಕ್ಕಿಸಿ, ಕೊಕ್ಕೆಯನ್ನು ಕಂಬಕ್ಕೆ. ಫುಲ್ ಥ್ರಾಟಲ್‌ನಲ್ಲಿ ಬರುವುದೇ ನಿಮ್ಮ ಅಸಲಿ ಥ್ರಸ್ಟ್. ಹಗ್ಗ ನಳಿಗೆಯ ಗಾಳಿಗೆ ಅಡ್ಡ ಬಾರದ ಹಾಗೆ ವೈ ಆಕಾರದಲ್ಲಿ ಕಟ್ಟಿ, ಇಲ್ಲದಿದ್ದರೆ ಸುಳ್ಳು ಲೆಕ್ಕ ಬರ್ತದೆ.

ಮತ್ತೆ ಉಣ್ಣೆಯ ನೂಲು. ಎರಡು ಬೆರಳಿನಷ್ಟು ಉದ್ದದ ತುಂಡುಗಳನ್ನು ಇನ್‌ಟೇಕ್ ಲಿಪ್ಪಿನ ಒಳಬದಿಗೆ ಸುತ್ತ ಟೇಪಿನಲ್ಲಿ ಅಂಟಿಸಿ, ತುದಿ ಫ್ಯಾನಿನವರೆಗೆ ಎಟಕಬಾರದು. ಫೋನನ್ನು ಸ್ಲೋ ಮೋಷನ್ನಿಗೆ ಇಟ್ಟು ಥ್ರಾಟಲ್ ಏರಿಸಿ. ಲಿಪ್ ಬ್ಲೇಡಿನ ಹಾಗೆ ಚೂಪಾಗಿದ್ದರೆ ಅರ್ಧ ಥ್ರಾಟಲ್ ದಾಟುವಾಗ ನೂಲು ಒಳಗೆ ಮಲಗುವುದು ಬಿಟ್ಟು ನಡುಗಲಿಕ್ಕೆ ಸುರು ಮಾಡ್ತದೆ, ಮೂಲೆಯ ಒಂದೆರಡು ನೂಲು ತಿರುಗಿ ಹೊರಗೆ ಮುಖ ಮಾಡ್ತದೆ. ಗಾಳಿ ಅಂಚಿಗೆ ಅಂಟಿಕೊಳ್ಳದೆ ಕಿತ್ತು ಹೋಗುವ ಜಾಗ ಅದು. ಅಲ್ಲಿಗೆ ಎಸಿ ಪೈಪಿನ ಕಪ್ಪು ಫೋಮನ್ನು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿ. ನೂಲು ಅಲ್ಲಾಡದೆ ಮಲಗುತ್ತದೆ. ಕೊಕ್ಕೆಯಲ್ಲಿ ನನ್ನದು 1.3 ಕಿಲೋ ಇದ್ದದ್ದು 1.6 ಆಯಿತು, ಮೋಟರು ಅದೇ, ಬ್ಯಾಟರಿ ಅದೇ.

ಆದರೆ ಆ ದಪ್ಪ ಫೋಮ್ ಪರೀಕ್ಷೆಗೆ ಮಾತ್ರ, ಹಾರುವಾಗ ಅದು ಡ್ರ್ಯಾಗ್, ಗಾಳಿಯ ಎದುರು ಎಳೆತ. ಶಾಶ್ವತಕ್ಕೆ 5-6 ಎಂಎಂ ತ್ರಿಜ್ಯದ ದುಂಡು ಅಂಚು ಉಜ್ಜಿ ಮಾಡಿ. ಅದೂ ಸಾಲದಿದ್ದರೆ ಹೊಟ್ಟೆಯಡಿ ಫ್ಯಾನಿನ ಮುಂದೆ ಚೀಟರ್ ಹೋಲ್ (ಹೆಚ್ಚು ಗಾಳಿ ಎಳೆಯುವ ಕಳ್ಳ ತೂತು) ಕೊರೆಯಿರಿ. ಸ್ಕೇಲ್ ಹಾಳಾಯಿತು ಅಂತ ಅಳಬೇಡಿ, ಮಿಗ್-21ರ ಪಕ್ಕದಲ್ಲೂ ಕಡಿಮೆ ವೇಗದಲ್ಲಿ ತೆರೆದುಕೊಳ್ಳುವ ಬಾಗಿಲು ಇತ್ತು. ಫ್ಯಾನಿಗೆ ತೀರಾ ಹತ್ತಿರ ಕೊರೆದರೆ ಶಬ್ದ ಕಿರಿಚುತ್ತದೆ, ಜಲ್ಲಿಯೂ ಸೇರುತ್ತದೆ. ನಮ್ಮ ಪದವಿನ (ಗುಡ್ಡದ ಮೇಲಿನ ಬಯಲು) ಮುರಕಲ್ಲು ಪಾರೆಯಲ್ಲಿ ಹೊಟ್ಟೆ ಮೇಲೆ ಇಳಿಸುವವರು ಮೆಶ್ ಹಾಕಲೇಬೇಕು, ಆದರೆ ಸೊಳ್ಳೆ ಪರದೆಯ ಬಲೆ ಬೇಡ, ಅದೇ ಗಾಳಿ ತಡೆಯುತ್ತದೆ.

ಹಿಂದಿನ ನಳಿಗೆ ಎಫ್‌ಎಸ್‌ಎಯ 85ರಿಂದ 90 ಶೇಕಡಾ, 70 ಎಂಎಂಗೆ 58 ಎಂಎಂ ವ್ಯಾಸದ ಆಸುಪಾಸು. ಓಎಚ್‌ಪಿ ಶೀಟು (ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಸುತ್ತಿದರೆ ಸಾಕು. ಅಡಿಕೆ ಹಾಳೆಯಲ್ಲಿ ಮಾಡ್ತೇನೆ ಅಂದವರು ಹೋದ ಸಲ ಒಬ್ಬರಿದ್ದರು, ಮಳೆಗಾಲದಲ್ಲಿ ಅದು ಯಾವ ಆಕಾರಕ್ಕೆ ಬಂದಿದೆ ಅಂತ ಅವರೇ ಹೇಳಲಿ.

ವಯರು. ತೇಜಸ್‌ನಲ್ಲಿ ಫ್ಯಾನ್ ಹಿಂದೆ, ಬ್ಯಾಟರಿ ಮೂಗಿನಲ್ಲಿ. ಎಲ್ಲರೂ ಬ್ಯಾಟರಿ ಕಡೆಯ ವಯರು ಉದ್ದ ಮಾಡ್ತಾರೆ, ನನ್ನದು ಸುಟ್ಟದ್ದು ಅಲ್ಲೇ. ಇಎಸ್‌ಸಿಯನ್ನು ಬ್ಯಾಟರಿ ಹತ್ತಿರ ಇಟ್ಟು ಮೋಟರ್ ಕಡೆಯ ಮೂರು ವಯರು ಉದ್ದ ಮಾಡಿ. ಆಗುವುದೇ ಇಲ್ಲ ಅಂತಾದರೆ ಬ್ಯಾಟರಿ ವಯರಿನ ಹೆಚ್ಚುವರಿ ಪ್ರತಿ 10 ಸೆಂಟಿಮೀಟರಿಗೆ 220 ಮೈಕ್ರೋಫ್ಯಾರಡ್, 35 ವೋಲ್ಟಿನ ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವ) ಕೆಪಾಸಿಟರ್. 6ಎಸ್ ಫುಲ್ ಚಾರ್ಜ್ 25.2 ವೋಲ್ಟ್, 25ರದ್ದು ಹಾಕಿ ಪಟಾಕಿ ಹೊಡೆಸಬೇಡಿ. ಎಕ್ಸ್‌ಟಿ60 ಕನೆಕ್ಟರಿನಲ್ಲಿ 70 ಆಂಪ್ ಎಳೆಯುವುದೂ ಬೇಡ, ಎಕ್ಸ್‌ಟಿ90 ಹಾಕಿ. ಇಎಸ್‌ಸಿಗೆ ನನ್ನ ಓಟು ಹಾಬಿವಿಂಗಿಗೆ, ದುಡ್ಡಿಗೆ ಮೋಸ ಇಲ್ಲ. ಹೆಸರಿಲ್ಲದ '100 ಆಂಪ್' ಡಬ್ಬಿಗಳ ಬಗ್ಗೆ ಮಾತಾಡಿದರೆ ಅಡ್ಮಿನ್ ನನ್ನನ್ನು ತೆಗೀತಾರೆ. ಬ್ಯಾಟರಿಯ ಸಿ ರೇಟಿಂಗ್ (ಎಷ್ಟು ಕರೆಂಟ್ ಕೊಡ್ತದೆ ಅನ್ನುವ ಸಂಖ್ಯೆ) ಸ್ಟಿಕ್ಕರನ್ನು ಅರ್ಧ ಮಾಡಿ ಓದಿಕೊಳ್ಳಿ.

ಎಪ್ರಿಲ್ ಮಧ್ಯಾಹ್ನ ಹಾರಿಸಬೇಡಿ. 35 ಡಿಗ್ರಿಯಲ್ಲಿ ಗಾಳಿ 15 ಡಿಗ್ರಿಗಿಂತ ಆರೇಳು ಶೇಕಡಾ ತೆಳು, ಥ್ರಸ್ಟೂ ಅಷ್ಟು ಕಡಿಮೆ. ಬೆಳಿಗ್ಗೆ ಏಳಕ್ಕೆ ಪದವಿನ ಬಯಲಿಗೆ ಬಂದವರಿಗೆ ಉಳಿದವರಿಗಿಂತ ಒಳ್ಳೆ ಇಂಜಿನ್ ಪುಕ್ಕಟೆ ಸಿಗ್ತದೆ. ಎಸೆಯುವಾಗ ಡೆಲ್ಟಾವನ್ನು (ತ್ರಿಕೋನ ರೆಕ್ಕೆಯ ವಿಮಾನ) ಮೂಗು ಎತ್ತಿ ಎಸೆಯಬೇಡಿ, ಮಟ್ಟವಾಗಿ, ಎಲೆವಾನಿಗೆ (ರೆಕ್ಕೆಯ ಹಿಂಬದಿಯ ಅಲ್ಲಾಡುವ ಪಟ್ಟಿ) ಚೂರು ಅಪ್ ಕೊಟ್ಟು. ಇನ್ನೂ ಒಳ್ಳೆಯದು ಬಂಜಿ ಹಗ್ಗ. ಪರೀಕ್ಷೆ ಮಾಡುವಾಗ ಫ್ಯಾನಿನ ನೇರ ಪಕ್ಕಕ್ಕೆ ಯಾರೂ ನಿಲ್ಲಬಾರದು, ನಿಮಿಷಕ್ಕೆ ನಲವತ್ತು ಸಾವಿರದ ಮೇಲೆ ತಿರುಗುವ ಎಲೆ ಒಡೆದರೆ ಫೋಮ್ ಅದನ್ನು ತಡೆಯುವುದಿಲ್ಲ.

ಗ್ರಾಫ್ ಪೇಪರಿನ ಫೋಟೋ, ಲಿಪ್ ಹತ್ತಿರದಿಂದ ಒಂದು, ಕೊಕ್ಕೆಯ ರೀಡಿಂಗ್. ಈ ಮೂರು ಇಲ್ಲೇ ಹಾಕಿ, ಪರ್ಸನಲ್ಲಿಗೆ ಬೇಡ, ಪೈವಳಿಕೆ ಕಡೆಯ ಹುಡುಗರೂ ಇದೇ ಕಿಟ್ ತರಿಸಿದ್ದಾರೆ.