ಡಬ್ಲಿನ್ನಿಗೆ ಹಿಮದ ಆಸೆ ಹೊತ್ತು ಬರುವವರಿಗೆ

ನೀವು ಕೇಳಿದ್ದು ಇಷ್ಟು. ಅಕ್ಟೋಬರಿನಲ್ಲಿ ಕೆಲಸಕ್ಕೆ ಅಂತ ಐರ್ಲೆಂಡಿನ ಡಬ್ಲಿನ್ನಿಗೆ ಬರುತ್ತಿದ್ದೀರಿ, ದಾವಣಗೆರೆಯ ಬಿಸಿಲು ಕಂಡು ಕಂಡು ಸಾಕಾಗಿದೆ, ಚಿಕ್ಕಂದಿನಿಂದ ಹಿಮ ಅಂದರೆ ಪ್ರಾಣ. ಹಿಮ ಯಾವ ತಿಂಗಳು ಶುರುವಾಗುತ್ತದೆ, ಸ್ನೋ ಬೂಟು ಬೆಂಗಳೂರಿನಲ್ಲೇ ತಗೊಳ್ಳಬೇಕಾ, ಬಾಡಿಗೆ ಎಷ್ಟು, ಡಿಸೆಂಬರಿನಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡರೆ ಅವರಿಗೂ ಹಿಮ ತೋರಿಸಬಹುದಾ. ಈ ಕೊನೆಯದನ್ನು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಮೊದಲು ಸುಲಭದ್ದು ಮುಗಿಸುತ್ತೇನೆ. ಬೂಟು ತಗೊಳ್ಳಬೇಡಿ. ಬಾಡಿಗೆ ಬಗ್ಗೆ ನನ್ನನ್ನು ಕೇಳಿ ಪ್ರಯೋಜನ ಇಲ್ಲ, ನಾನು ಬಂದಾಗ ಕೊಟ್ಟಿದ್ದನ್ನು ಹೇಳಿದರೆ ನೀವು ಇವತ್ತು ನನ್ನನ್ನು ನಂಬುವುದಿಲ್ಲ. ಮನೆ ಸಿಗುವುದು ತಡವಾಗಬಹುದು, ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡು ಇಟ್ಟುಕೊಂಡು ಬನ್ನಿ, ಅಷ್ಟೇ.

ಇನ್ನು ಹಿಮ.

ನಾನು ಬಂದಿಳಿದದ್ದು 2010ರ ನವೆಂಬರ್ ಕೊನೆಯ ವಾರ. ತೀರ್ಥಹಳ್ಳಿ ಕಡೆಯವನು, ಮಳೆ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮಲ್ಲಿ ರಾತ್ರಿ ಮಳೆ ಬಂದರೆ ಹೆಂಚಿನ ಸದ್ದಿಗೆ ನಿದ್ದೆಯಲ್ಲೇ ಗೊತ್ತಾಗುತ್ತದೆ. ಇಲ್ಲಿ ಬಂದು ಎರಡು ಮೂರು ದಿನಕ್ಕೆ ಬೆಳಿಗ್ಗೆ ಎದ್ದು ಪರದೆ ಸರಿಸುತ್ತೇನೆ, ಬೀದಿಯಿಡೀ ಬೆಳ್ಳಗೆ, ಕಾರುಗಳು ಯಾವ ಬಣ್ಣದವು ಅಂತಲೂ ತಿಳಿಯುತ್ತಿಲ್ಲ. ರಾತ್ರಿಯೆಲ್ಲ ಬಿದ್ದಿದೆ, ಒಂಚೂರೂ ಸದ್ದು ಮಾಡದೆ. ಅದು ನನಗೆ ಇವತ್ತಿಗೂ ವಿಚಿತ್ರ.

ಅವತ್ತು ಬೆಂಗಳೂರಿನ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೊರಟವನು ಬಸ್ ಸ್ಟಾಪಿನ ಮುಂದೆ ಎರಡು ಸಲ ಜಾರಿ ಬಿದ್ದೆ. ಒಬ್ಬ ಅಜ್ಜಿ ನನ್ನನ್ನು ಎಬ್ಬಿಸಿ, ಕಾಲುಚೀಲವನ್ನು ಬೂಟಿನ ಒಳಗಲ್ಲ, ಮೇಲೆ ಹಾಕಿಕೋ, ಜಾರುವುದಿಲ್ಲ ಅಂದರು. ತಮಾಷೆ ಅಂದುಕೊಂಡೆ. ಆಮೇಲೆ ನೋಡಿದರೆ ಅವರದೂ ಹಾಗೇ ಇತ್ತು. ಆ ಡಿಸೆಂಬರ್ ಇಲ್ಲಿ ದಾಖಲೆಯ ಚಳಿ. ವಿಮಾನ ನಿಲ್ದಾಣ ಹಲವು ಸಲ ಮುಚ್ಚಿತು, ಪೈಪುಗಳು ಒಡೆದು ಊರಿಗೆ ನೀರಿಲ್ಲ, ಕ್ರಿಸ್‌ಮಸ್ ದಿನ ಡಬ್ಲಿನ್ ಹೊರವಲಯದ ಕೇಸ್‌ಮೆಂಟ್ ವಿಮಾನನೆಲೆಯಲ್ಲಿ ಮೈನಸ್ 15.7 ಡಿಗ್ರಿ.

ನಾನೋ, ಇದೇ ಇಲ್ಲಿನ ಮಾಮೂಲಿ ಚಳಿಗಾಲ ಅಂದುಕೊಂಡೆ. ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ, ಇಲ್ಲಿ ಪ್ರತಿ ವರ್ಷ ಹೀಗೇ ಅಂತೆ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಆ 'ಅಂತೆ' ನಾನೇ ಸೇರಿಸಿದ್ದು.

ಜನವರಿಯ ಸೇಲಿನಲ್ಲಿ ಎರಡು ಜೊತೆ ಸ್ನೋ ಬೂಟು ತಂದೆ. ಒಂದು ನನಗೆ, ಒಂದು ಅಪ್ಪನಿಗೆ, 8ನೇ ನಂಬರು. ಮುಂದಿನ ಚಳಿಗಾಲ ಬಂತು, ಹಿಮ ಬರಲಿಲ್ಲ. ಅದರ ಮುಂದಿನದೂ ಹೆಚ್ಚುಕಡಿಮೆ ಹಾಗೇ, ಒಂದೆರಡು ಸಲ ಬೆಳಿಗ್ಗೆ ಉದುರಿ ಮಧ್ಯಾಹ್ನದೊಳಗೆ ಕೆಸರಾಯಿತು. ಇಲ್ಲಿನ ಚಳಿಗಾಲ ಅಂದರೆ ನಿಜವಾಗಿ ಏನು ಅಂತ ಈಗ ಕೇಳಿ: ಜನವರಿಯಲ್ಲಿ ಹಗಲು 8 ಡಿಗ್ರಿ, ರಾತ್ರಿ 2 ಅಥವಾ 3, ಮೇಲೆ ಬೂದಿ ಬಣ್ಣದ ಆಕಾಶ, ಬೀಳುತ್ತಿದೆಯೋ ನಿಂತಿದೆಯೋ ಗೊತ್ತಾಗದ ಜಿಟಿಜಿಟಿ ಮಳೆ, ಅಡ್ಡಡ್ಡ ಬೀಸುವ ಗಾಳಿ. ಮಳೆಯ ಲೆಕ್ಕ ತೆಗೆದರೆ ನಗು ಬರುತ್ತದೆ. ಡಬ್ಲಿನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 750 ಮಿಲಿಮೀಟರ್, ಬೆಂಗಳೂರಿನಲ್ಲೇ ಇದಕ್ಕಿಂತ ಜಾಸ್ತಿ, ಆಗುಂಬೆಯ 7,000ದ ಮುಂದಂತೂ ಇದು ಲೆಕ್ಕಕ್ಕೇ ಇಲ್ಲ. ಆದರೆ ನಮ್ಮ ಪುನರ್ವಸು, ಪುಷ್ಯ ಮಳೆಗಳು ಒಂದೇ ಸಮ ಸುರಿದು ತಮ್ಮ ಕೆಲಸ ಮುಗಿಸಿಕೊಂಡು ಹೋಗುತ್ತವೆ. ಇಲ್ಲಿಯದು ಆಷಾಢದ ನೆಂಟ, ಬಂದವನು ಹೊರಡುವ ಮಾತೇ ಆಡುವುದಿಲ್ಲ. ಕೊಡೆ ತರಬೇಡಿ, ಒಂದೇ ಗಾಳಿಗೆ ಮಗುಚುತ್ತದೆ. ಟೊಪ್ಪಿ ಇರುವ ಒಳ್ಳೆಯ ಮಳೆಕೋಟು ಇಲ್ಲಿಗೆ ಬಂದೇ ತಗೊಳ್ಳಿ.

ನಮ್ಮ ಭಾಷೆಯದೂ ಒಂದು ತಪ್ಪಿದೆ ಅನಿಸುತ್ತದೆ. ಮಂಜು ಅಂದರೆ ನಮಗೆ ಬೆಳಿಗ್ಗೆ ಕಣ್ಣು ಕಟ್ಟುವುದೂ ಮಂಜೇ, ಹಿಮಾಲಯದಲ್ಲಿ ಬೀಳುವುದೂ ಮಂಜೇ. ಡಬ್ಲಿನ್ನಿನಲ್ಲಿ ಚಳಿಗಾಲಕ್ಕೆ ಮಂಜು ಇರುತ್ತದಾ ಅಂತ ಯಾರಾದರೂ ಕೇಳಿದರೆ ಇರುತ್ತದೆ ಅಂತ ಧೈರ್ಯವಾಗಿ ಹೇಳಬಹುದು, ಯಾವ ಮಂಜು ಅಂತ ಕೇಳದಿದ್ದರೆ ಆಯಿತು.

2013ರ ಡಿಸೆಂಬರಿಗೆ ಅಪ್ಪ ಅಮ್ಮನನ್ನು ಕರೆಸಿಕೊಂಡೆ. ಅಪ್ಪ ಹೈಸ್ಕೂಲ್ ಮೇಷ್ಟ್ರು, ಸಮಾಜ ವಿಜ್ಞಾನ, ಆಗಲೇ ನಿವೃತ್ತರು. ಡಿಸೆಂಬರೇ ಯಾಕೆ ಅಂತ ಅಮ್ಮ ಕೇಳಿದಳು, ಬೇಸಿಗೆಯಲ್ಲಿ ಬಂದರೆ ಆಗದಾ ಅಂದಳು. ಹಿಮ ನೋಡಬೇಡವಾ ಅಂದೆ ನಾನು. ಆ ಚಳಿಗಾಲ ಹೇಗಿತ್ತು ಅಂತ ಇಲ್ಲಿನ ಯಾರನ್ನಾದರೂ ಕೇಳಿ ನೋಡಿ. ಒಂದರ ಹಿಂದೆ ಒಂದು ಬಿರುಗಾಳಿ, ಪಶ್ಚಿಮದ ಕರಾವಳಿಯಲ್ಲಿ ಲಹಿಂಚ್ ಅನ್ನುವ ಊರಿನ ಸಮುದ್ರದ ದಂಡೆಯ ಗೋಡೆಯನ್ನೇ ಅಲೆ ಕಿತ್ತು ಹಾಕಿತು. ಡಬ್ಲಿನ್ನಿನಲ್ಲಿ ನಮ್ಮ ಕಿಟಕಿಗಳು ರಾತ್ರಿಯಿಡೀ ಗಡಗಡ ಅನ್ನುತ್ತಿದ್ದವು. ಹಿಮ ಮಾತ್ರ ಇಲ್ಲ.

ಅಪ್ಪನಿಗೆ ಐದಕ್ಕೆ ಎದ್ದು ಸ್ನಾನ ಮಾಡಿ, ಸೂರ್ಯನಿಗೆ ಕೈಮುಗಿದು ಆಮೇಲೆ ಕಾಫಿ ಕುಡಿಯುವ ಅಭ್ಯಾಸ. ಇಲ್ಲಿ ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ಹುಟ್ಟುವುದೇ 8 ಗಂಟೆ 38 ನಿಮಿಷಕ್ಕೆ, ಮುಳುಗುವುದು 4 ಗಂಟೆ 8 ನಿಮಿಷಕ್ಕೆ. ಹುಟ್ಟಿದರೂ ಕಾಣಬೇಕಲ್ಲ. ಮೊದಲ ವಾರ ಮೂರೂವರೆ ಗಂಟೆ ಕತ್ತಲಲ್ಲಿ ಕಾಫಿ ಇಲ್ಲದೆ ಕುಳಿತರು. ಬೀದಿದೀಪಕ್ಕೇ ಕೈಮುಗಿದು ಕುಡೀರಿ, ಅದೂ ಬೆಳಕೇ ಅಲ್ವಾ ಅಂತ ಅಮ್ಮ ಬೈದ ಮೇಲೆ ಆ ಪದ್ಧತಿ ಬಿಟ್ಟರು. ನಾನು ಕತ್ತಲಲ್ಲಿ ಆಫೀಸಿಗೆ ಹೋಗಿ ಕತ್ತಲಲ್ಲಿ ವಾಪಸ್ ಬರುತ್ತಿದ್ದೆ. ಅವರಿಬ್ಬರೂ ಮಂಕಿ ಕ್ಯಾಪ್ ಹಾಕಿಕೊಂಡು ಹೀಟರ್ ಪಕ್ಕ ಕೂತಿರುತ್ತಿದ್ದರು, ಗ್ಯಾಸ್ ಬಿಲ್ ಜಾಸ್ತಿ ಆಗುತ್ತದೆ ಅಂತ ನಾನಿಲ್ಲದಾಗ ಹೀಟರನ್ನೂ ಆರಿಸಿಬಿಡುತ್ತಿದ್ದರು, ಇದು ನನಗೆ ಗೊತ್ತಾದದ್ದು ಅವರು ಹೋದ ಮೇಲೆ.

ಅಪ್ಪನ ಪಂಚೆ ಒಣಗುತ್ತಲೇ ಇರಲಿಲ್ಲ. ಊರಲ್ಲಾದರೆ ಮಳೆಗಾಲಕ್ಕೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತೇವೆ, ಹೊಗೆ ವಾಸನೆ ಬಂದರೂ ಗರಿಗರಿಯಾಗಿ ಒಣಗುತ್ತದೆ. ಇಲ್ಲಿ ರೇಡಿಯೇಟರ್ ಮೇಲೆ ಹಾಕಿದರೆ ಪಂಚೆಯ ನೀರೆಲ್ಲ ಗಾಳಿಗೆ, ಗಾಳಿಯಿಂದ ಗೋಡೆಗೆ. ಬೀರುವಿನ ಹಿಂದೆ ಕಪ್ಪು ಬೂಷ್ಟು. ಇದು ನಿಮಗೆ ಮೊದಲ ತಿಂಗಳೇ ಎದುರಾಗುತ್ತದೆ, ಬರೆದಿಟ್ಟುಕೊಳ್ಳಿ: ಸ್ನೋ ಬೂಟಿನ ದುಡ್ಡಿನಲ್ಲಿ ಗಾಳಿಯ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್ ಅನ್ನುತ್ತಾರೆ, ಒಂದು ತಗೊಳ್ಳಿ, ಚಳಿ ಅಂತ ಕಿಟಕಿ ಮುಚ್ಚಿಕೊಂಡು ಕೂರಬೇಡಿ, ದಿನಕ್ಕೆ ಹತ್ತು ನಿಮಿಷ ತೆರೆಯಿರಿ, ಮನೆ ನೋಡಲು ಹೋದಾಗ ಬೀರು ಎಳೆದು ಹಿಂದಿನ ಗೋಡೆ ನೋಡಿ. ಮನೆಯವರು ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಪಡಬೇಡಿ. ನಾನು ಪಟ್ಟಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಎದ್ದು ಬಂದರೆ ಅಪ್ಪ ಕಿಟಕಿ ಮುಂದೆ ನಿಂತಿದ್ದಾರೆ. ಒಳಗಿನ ಹಬೆಗೆ ಗಾಜು ಬೆಳ್ಳಗಾಗಿತ್ತು. ಅದರ ಮೇಲೆ ಬೆರಳಲ್ಲಿ ಏನೋ ಬರೆಯುತ್ತಿದ್ದರು. ಎಡಕ್ಕೆ ಅಮೆರಿಕ, ಬಲಕ್ಕೆ ಮೇಲೆ ಮೊಟ್ಟೆಯಷ್ಟು ಐರ್ಲೆಂಡ್, ನಡುವೆ ಮೆಕ್ಸಿಕೋ ಕೊಲ್ಲಿಯಿಂದ ಹೊರಟು ಅಡ್ಡಡ್ಡ ಏರಿ ಬರುವ ಬಾಣಗಳು. ಬಾಣದ ತುದಿಯಿಂದ ನೀರು ಇಳಿಯುತ್ತಿತ್ತು.

"ಗಲ್ಫ್ ಉಷ್ಣೋದಕ ಪ್ರವಾಹ," ಅಂದರು, ತರಗತಿಯಲ್ಲಿ ಹೇಳುವ ಹಾಗೆ. "ಆ ಬಿಸಿ ನೀರಿನ ಮೇಲಿಂದ ಪಶ್ಚಿಮದ ಗಾಳಿ ಬೀಸುತ್ತದೆ. ಚಳಿಗಾಲ ಬೆಚ್ಚಗೆ, ವರ್ಷವಿಡೀ ಮಳೆ. ಕೆನಡಾದ ಎಡ್ಮಂಟನ್ ನೋಡು, ಇದೇ ಅಕ್ಷಾಂಶ, 53 ಚಿಲ್ಲರೆ. ಅಲ್ಲಿ ತಿಂಗಳುಗಟ್ಟಲೆ ಹಿಮ. ಇಲ್ಲಿ ಅದು ಬೀಳಬೇಕು ಅಂದರೆ ಗಾಳಿ ತಿರುಗಿ ಪೂರ್ವದಿಂದ ಬರಬೇಕು. ಇದು ಹಿಮ ಬೀಳುವ ಜಾಗ ಅಲ್ಲ ಮಾರಾಯ. ಮೂವತ್ತು ವರ್ಷ ಇದನ್ನೇ ಪಾಠ ಮಾಡಿದ್ದೇನೆ."

ಮತ್ತೆ ಯಾಕೆ ಡಿಸೆಂಬರಿನಲ್ಲಿ ಬಂದಿರಿ ಅಂತ ಕೇಳಿದೆ.

"ನೀನು ಬೀಳುತ್ತದೆ ಅಂದೆಯಲ್ಲ."

ಅಷ್ಟು ಹೇಳಿ ಹೆಗಲ ಮೇಲಿನ ಟವೆಲಿನಿಂದ ಗಾಜು ಒರೆಸಿದರು.

ಜನವರಿ ಮಧ್ಯದಲ್ಲಿ ಅವರಿಗೆ ಕೆಮ್ಮು ಹಿಡಿಯಿತು, ಎದೆಗೆ ಇಳಿಯಿತು. ಇಲ್ಲಿಗೆ ಬರುವ ಅಪ್ಪ ಅಮ್ಮನಿಗೆ ವೀಸಾ ಹೆಚ್ಚೆಂದರೆ 90 ದಿನಕ್ಕೆ ಸಿಗುತ್ತದೆ, ಡಾಕ್ಟರ್ ಖರ್ಚು ಪೂರ್ತಿ ನಮ್ಮದೇ, ಅದಕ್ಕೆ ಇನ್ಶೂರೆನ್ಸ್ ಇಲ್ಲದೆ ಕರೆಸಬೇಡಿ. ಟಿಕೆಟ್ ಪ್ರಿಪೋನ್ ಮಾಡಿಸಿ ತಿಂಗಳ ಕೊನೆಗೆ ಕಳಿಸಿದೆ. ಬೂಟನ್ನು ಒಂದೇ ಸಲ ಹಾಕಿ ನೋಡಿದ್ದರು, ಮನೆ ಒಳಗೆ, ಹಾಲಿನಿಂದ ಅಡುಗೆಮನೆಯವರೆಗೆ ನಡೆದು. ಸರಿಯಾಗಿದೆ, ಇಲ್ಲೇ ಇರಲಿ, ಮುಂದಿನ ಸಲಕ್ಕೆ ಆಗುತ್ತದೆ ಅಂದರು. 2016ರ ಜೂನಿಗೆ ಕರೆಸಬೇಕು ಅಂತ ಯೋಚನೆ ಮಾಡಿದ್ದೆವು. ಅದರ ಹಿಂದಿನ ವರ್ಷ ಮಳೆಗಾಲದಲ್ಲಿ ಹೋಗಿಬಿಟ್ಟರು.

ಜೂನ್ ಯಾಕೆ ಅಂತ ನಿಮಗೆ ಬಂದ ಮೇಲೆ ಗೊತ್ತಾಗುತ್ತದೆ. ಸೂರ್ಯ ಬೆಳಿಗ್ಗೆ ಐದಕ್ಕೇ ಎದ್ದಿರುತ್ತಾನೆ, ಅಪ್ಪನ ಟೈಮಿಗೆ ಸರಿಯಾಗಿ. ರಾತ್ರಿ ಹತ್ತರವರೆಗೆ ಬೆಳಕು. ಊಟ ಮುಗಿಸಿ ಕಾಲುವೆ ದಂಡೆಯಲ್ಲಿ ಒಂದು ಸುತ್ತು ಹಾಕಿ ಬಂದರೂ ಕತ್ತಲಾಗಿರುವುದಿಲ್ಲ. ಹದಿನೆಂಟು ಇಪ್ಪತ್ತು ಡಿಗ್ರಿ, ಒಂದು ಸ್ವೆಟರ್ ಸಾಕು. ಈ ದೇಶ ಯಾರಿಗಾದರೂ ತೋರಿಸುವ ಹಾಗಿದೆ ಅಂದರೆ ಆಗಲೇ. ನಾನು ಅವರಿಗೆ ತೋರಿಸಿದ್ದು ಇದರ ಬೆನ್ನು.

ಹಿಮ ಬಂತು, ಯಾಕೆ ಬರಲಿಲ್ಲ. 2018ರಲ್ಲಿ. ಇಲ್ಲಿನ ಹಳಬರ ಲೆಕ್ಕದಲ್ಲಿ ಫೆಬ್ರವರಿ 1, ಸೇಂಟ್ ಬ್ರಿಜಿಡ್ ದಿನದಿಂದಲೇ ವಸಂತ. ಅದು ಶುರುವಾಗಿ ಒಂದು ತಿಂಗಳ ಮೇಲೆ, ಫೆಬ್ರವರಿ ಕೊನೆ ಮಾರ್ಚ್ ಮೊದಲು, ಪೂರ್ವದ ಗಾಳಿ ಬಂತು, ಅಪ್ಪ ಹೇಳಿದ ಹಾಗೇ, ಅದಕ್ಕೆ ದಕ್ಷಿಣದಿಂದ ಬಂದ ಎಮ್ಮಾ ಅನ್ನುವ ಬಿರುಗಾಳಿ ಡಿಕ್ಕಿ ಹೊಡೆಯಿತು. ದೇಶಕ್ಕೆಲ್ಲ ರೆಡ್ ವಾರ್ನಿಂಗ್, ಮಾರ್ಚ್ 1ರ ಸಂಜೆ ನಾಲ್ಕರ ಮೇಲೆ ಯಾರೂ ಹೊರಗೆ ಬರಬೇಡಿ ಅಂತ ಸರ್ಕಾರವೇ ಹೇಳಿತು. ಅಂಗಡಿಗಳಲ್ಲಿ ಬ್ರೆಡ್ ಖಾಲಿ, ಅದನ್ನು ನೆನೆಸಿಕೊಂಡು ಇಲ್ಲಿನವರು ಈಗಲೂ ನಗುತ್ತಾರೆ. ನಮ್ಮ ಮನೆಯಲ್ಲಿ ಅವಲಕ್ಕಿ ಇತ್ತು. ನಾಲ್ಕು ವರ್ಷದ ಮಗಳು ಸೊಂಟದವರೆಗೆ ಹೂತು ಹೋಗಿ ಕಿರುಚುತ್ತಿದ್ದಳು. ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ಹಿತ್ತಿಲು ತೋರಿಸಿದೆ. ಅವಳು ಸುಮಾರು ಹೊತ್ತು ನೋಡಿ, ಒಣಹಾಕಿದ ಬಟ್ಟೆ ಒಳಗೆ ತಂದೆಯೋ ಇಲ್ಲವೋ ಅಂತ ಕೇಳಿದಳು.

ಹೀಗಾಗಿ ಹಿಮ ಯಾವ ತಿಂಗಳು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲ. ಪ್ರತಿ ಚಳಿಗಾಲ ಕೆಲವು ದಿನ ವಿಕ್ಲೋ ಬೆಟ್ಟಗಳ ಮೇಲೆ ಬಿಳಿ ಕಾಣುತ್ತದೆ, ಊರಿನಿಂದ ಒಂದು ಗಂಟೆಯೊಳಗಿನ ದಾರಿ. ಕಾರು ಇರುವ ಯಾರಾದರೂ ಆ ಬೆಟ್ಟಗಳ ನಡುವಿನ ಸ್ಯಾಲಿ ಗ್ಯಾಪ್ ಕಡೆ ಕರೆದುಕೊಂಡು ಹೋದಾರು, ರಸ್ತೆ ಮುಚ್ಚಿದ್ದಾರಾ ಅಂತ ಮೊದಲೇ ನೋಡಿಕೊಳ್ಳಬೇಕು. ಆಲ್ಪ್ಸ್‌ಗೆ ಹೋಗಿಬರೋಣ, ವಿಮಾನ ಅಗ್ಗ ಅಂತ ಆಫೀಸಿನವರು ಕರೆಯುತ್ತಾರೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು ಶೆಂಗೆನ್, ಐರ್ಲೆಂಡ್ ಅದರ ಒಳಗಿಲ್ಲ, ನಮ್ಮ ಪಾಸ್‌ಪೋರ್ಟಿಗೆ ಬೇರೆ ವೀಸಾ ಬೇಕು, ಇಲ್ಲಿನ ರೆಸಿಡೆನ್ಸ್ ಕಾರ್ಡ್ ಅದಕ್ಕೆ ನಡೆಯುವುದಿಲ್ಲ. ಬಸ್ಸಿನಲ್ಲಿ ಎರಡೇ ಗಂಟೆ ದೂರದ ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ಅಲ್ಲಿಗೂ ಬ್ರಿಟನ್ ವೀಸಾ. ಟಿಕೆಟ್ ಮಾಡಿಸಿ ಆಮೇಲೆ ಕೈ ಹಿಸುಕಿಕೊಂಡವರು ನಮ್ಮಲ್ಲಿ ಇದ್ದಾರೆ.

ವಿಟಮಿನ್ ಡಿ ಮಾತ್ರೆ ಅಕ್ಟೋಬರಿನಿಂದಲೇ ಶುರು ಮಾಡಿ. ಮಾರ್ಚ್‌ವರೆಗೆ ಇಲ್ಲಿನ ಬಿಸಿಲಿಗೆ ಅದನ್ನು ಕೊಡುವ ಶಕ್ತಿ ಇಲ್ಲ, ನಮ್ಮ ಮೈಬಣ್ಣಕ್ಕಂತೂ ಇನ್ನೂ ಕಡಿಮೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೊರಗೆ ನಡೆಯಿರಿ, ಇರುವ ಬೆಳಕು ಅಷ್ಟೇ. ಅಕ್ಟೋಬರ್ ಕೊನೆಗೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಊರಿಗೂ ಇಲ್ಲಿಗೂ ಅಂತರ ಐದೂವರೆ ಗಂಟೆ ಆಗುತ್ತದೆ, ನೀವು ಆಫೀಸ್ ಮುಗಿಸುವಷ್ಟರಲ್ಲಿ ಅಲ್ಲಿ ಹತ್ತೂವರೆ, ಮಲಗಿರುತ್ತಾರೆ. ಬೆಳಿಗ್ಗೆಯೇ ಫೋನ್ ಮಾಡಿಬಿಡಿ. ಹಿಮ ಬಿತ್ತಾ ಅಂತ ಕೇಳುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಅವರನ್ನು ಮೇ ಕೊನೆಗೆ ಕರೆಸಿ. ಟಿಕೆಟ್ ಈಗಲೇ ನೋಡಿದರೆ ಕಡಿಮೆಗೆ ಸಿಕ್ಕೀತು.

ನೀವು ಗಂಡ ಹೆಂಡತಿ ಇಬ್ಬರೂ ಬರುತ್ತೀರಿ ಅಂತ ಬರೆದಿದ್ದೀರಿ. ನಿಮ್ಮವರ ಕಾಲು 8ನೇ ನಂಬರೇ ಆಗಿದ್ದರೆ, ಆ ಬೂಟು ನಮ್ಮ ಅಟ್ಟದಲ್ಲಿ ಇನ್ನೂ ಡಬ್ಬದಲ್ಲೇ ಇದೆ. ವಿಕ್ಲೋಗೆ ಹೋಗುವಾಗ ಆಗುತ್ತದೆ, ಬಂದು ತಗೊಂಡು ಹೋಗಿ. ಅಡಿಭಾಗಕ್ಕೆ ಮಣ್ಣು ಕೂಡ ಸೋಕಿಲ್ಲ.